ಕೆಂಪು ಚುಕ್ಕಿಯೂ ದೂರದ ಗುರಿಯೂ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನ ಹತ್ತಿರ ಕಾರ್ಬೈನ್ ಮಾದರಿಯ ಗಿಡ್ಡ ಪಿಸಿಪಿ (ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹಾರಿಸುವ) ಏರ್ ರೈಫಲ್ ಇದೆ, 4.5 ಮಿ.ಮೀ. ಅದಕ್ಕೆ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್) ಹಾಕಿದ್ದೇನೆ. 10 ಮೀಟರಿಗೆ ಸಲೀಸಾಗಿ ಹೊಡೆಯಬಹುದು. 50 ಮೀಟರಿನಲ್ಲಿಟ್ಟ ಸಣ್ಣ ಗುರಿ ಮಾತ್ರ ಚುಕ್ಕಿಯ ಹಿಂದೆ ಮುಚ್ಚಿಹೋಗುತ್ತದೆ. 3 ಪಟ್ಟಿನ ಮ್ಯಾಗ್ನಿಫೈಯರ್ ಕೊಂಡರೆ ಸರಿಹೋದೀತೆ? — ಓದುಗರು, ಗಂಗಾವತಿ

ಉತ್ತರ: ಅರ್ಧ ಮಾತ್ರ ಸರಿಹೋಗುತ್ತದೆ. ಡಾಟ್‌ನ ಅಳತೆಯನ್ನು ಎಂಒಎ (ಒಂದು ಡಿಗ್ರಿ ಕೋನದ ಅರವತ್ತರಲ್ಲೊಂದು ಪಾಲು) ಲೆಕ್ಕದಲ್ಲಿ ಹೇಳುತ್ತಾರೆ. 1 ಎಂಒಎ ಎಂದರೆ 100 ಮೀಟರಿನಲ್ಲಿ 2.9 ಸೆಂ.ಮೀ. ಹಾಗಾಗಿ 2 ಎಂಒಎ ಚುಕ್ಕಿ 50 ಮೀಟರಿನಲ್ಲಿ 2.9 ಸೆಂ.ಮೀ. ಅಗಲದ ಜಾಗವನ್ನು ಮುಚ್ಚುತ್ತದೆ. ಡಾಟ್‌ನ ಹಿಂದೆ ಮ್ಯಾಗ್ನಿಫೈಯರ್ ಇಟ್ಟಾಗ ಗುರಿಯ ಜೊತೆಗೆ ಚುಕ್ಕಿಯೂ ಮೂರು ಪಟ್ಟು ಹಿಗ್ಗುತ್ತದೆ. ಮುಚ್ಚುವ ಜಾಗ ಅಷ್ಟೇ ಉಳಿಯುತ್ತದೆ. ಗುರಿಯ ಅಂಚು ಎಲ್ಲಿದೆ, ಚುಕ್ಕಿ ಅದರ ನಡುವೆ ಕೂತಿದೆಯೇ ಎಂಬುದು ಚೆನ್ನಾಗಿ ಕಾಣುತ್ತದೆ, ಲಾಭ ಅದೊಂದೇ. 6 ಎಂಒಎ ಚುಕ್ಕಿ ಇದ್ದರೆ ಮ್ಯಾಗ್ನಿಫೈಯರ್ ಕೊಳ್ಳುವುದೇ ಬೇಡ.

ಇನ್ನೊಂದು ತೊಡಕು ಹತ್ತಿರದ ದೂರದ್ದು. ಇಂಥ ಮ್ಯಾಗ್ನಿಫೈಯರ್‌ಗಳ ಫೋಕಸ್ ದೂರಕ್ಕೆಂದೇ ಹೊಂದಿಸಿರುತ್ತದೆ. 10 ಮೀಟರಿನಲ್ಲಿ ಚುಕ್ಕಿ ಚೂಪಾಗಿ ಕಂಡರೂ ಗುರಿಯ ಕಾಗದ ಮಸುಕಾಗುತ್ತದೆ. ಹತ್ತಿರಕ್ಕೆ ಅದನ್ನು ಪಕ್ಕಕ್ಕೆ ಮಡಚಿ ಬರಿಯ ಡಾಟ್ ಬಳಸಬೇಕು. ಆದ್ದರಿಂದ ಪಕ್ಕಕ್ಕೆ ಮಡಚುವ ಮೌಂಟ್ ಇರುವುದನ್ನೇ ಕೊಳ್ಳಿ.

ದುಡ್ಡು ಕೊಡುವ ಮುಂಚೆ ಸ್ಕೇಲ್ ಹಿಡಿದು ರೇಲ್ (ರೈಫಲಿನ ಮೇಲೆ ಸೈಟ್ ಬಿಗಿಯುವ ಪಟ್ಟಿ) ಅಳೆಯಿರಿ. ಡಾಟ್, ಅದರ ಹಿಂದೆ ಮ್ಯಾಗ್ನಿಫೈಯರ್, ಎರಡೂ ಕೂರಲು 15ರಿಂದ 17 ಸೆಂ.ಮೀ. ಬೇಕಾಗುತ್ತದೆ. ಗಿಡ್ಡ ಪಿಸಿಪಿಗಳಲ್ಲಿ ಮ್ಯಾಗಜೀನ್ ರೇಲ್‌ನ ಮಧ್ಯದಲ್ಲೇ ಮೇಲಕ್ಕೆ ಚಾಚಿರುವುದುಂಟು. ಆಗ ಹಿಂದಿನ ತುಂಡು ರೇಲ್‌ನಲ್ಲಿ ಎರಡಕ್ಕೂ ಜಾಗವಿರುವುದಿಲ್ಲ. ಡಾಟನ್ನು ನಳಿಗೆಯ ಮೇಲಿನ ಕವಚಕ್ಕೆ ಬಿಗಿದು ಮ್ಯಾಗ್ನಿಫೈಯರನ್ನು ಹಿಂದೆ ಇಡುವ ಉಪಾಯ ಮಾತ್ರ ಬೇಡವೇ ಬೇಡ: ಕವಚ ಕೈ ತಾಗಿದರೂ ಬಾಗುತ್ತದೆ, ಝೀರೋ, ಅಂದರೆ ಗೊತ್ತಾದ ದೂರದಲ್ಲಿ ಚುಕ್ಕಿ ಇಟ್ಟಲ್ಲೇ ಗುಂಡು ಬೀಳುವ ಹೊಂದಿಕೆ, ನಿಲ್ಲುವುದಿಲ್ಲ. ರೇಲ್‌ನ ಜಾತಿಯನ್ನೂ ನೋಡಿ. ಏರ್ ರೈಫಲ್‌ಗಳಲ್ಲಿ ಬಹಳಷ್ಟು 11 ಮಿ.ಮೀ. ಡವ್‌ಟೇಲ್ ಇರುತ್ತದೆ, ಈ ಸೈಟುಗಳು ಪಿಕಾಟಿನಿ ಎಂಬ, ಅಡ್ಡ ಕಚ್ಚುಗಳಿರುವ ಅಗಲ ರೇಲ್‌ಗೆ ಬರುತ್ತವೆ. ಅಡಾಪ್ಟರ್ ಹಾಕುವುದಾದರೆ ಒಂದೇ ಉದ್ದನೆಯ ಲೋಹದ್ದು ಹಾಕಿ. ಪಿಕಾಟಿನಿಯ ಅಡ್ಡ ಕಚ್ಚು 5.23 ಮಿ.ಮೀ. ಅಗಲ, ಅದನ್ನೇ ಹೋಲುವ ವೀವರ್ ರೇಲ್‌ನದು 4.57. ಪಿಕಾಟಿನಿಗೆ ಮಾಡಿದ ಅಡ್ಡ ಬೋಲ್ಟ್ ವೀವರ್ ಕಚ್ಚಿಗೆ ಇಳಿಯುವುದಿಲ್ಲ. ಅರದಿಂದ ಉಜ್ಜಿ ಕೂರಿಸಲು ಹೋಗಬೇಡಿ.

ನಿಮ್ಮ ಶೂಟಿಂಗ್ ಹೆಚ್ಚಾಗಿ 25ರಿಂದ 50 ಮೀಟರಿನಲ್ಲೇ ಎನ್ನುವುದಾದರೆ ನಮ್ಮ ಸಲಹೆ ಬೇರೆ. 10 ಮೀಟರಿನವರೆಗೂ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಯ ಮೇಲಿನ ಗುರುತೂ ಸರಿದಂತೆ ಕಾಣುವುದು) ಹೊಂದಿಸಬಹುದಾದ 2-7 ಅಥವಾ 3-9 ಪಟ್ಟಿನ ಸ್ಕೋಪನ್ನು ಮೇಲೆ ಕೂರಿಸಿ, ಹತ್ತಿರದ ಗುರಿಗಳಿಗೆ ಈಗಿರುವ ಡಾಟನ್ನು 45 ಡಿಗ್ರಿ ಓರೆ ಮೌಂಟ್‌ಗೆ ಹಾಕಿಕೊಳ್ಳಿ. ಸ್ಕೋಪಿನ ಸಪೂರ ಗೆರೆ ಗುರಿಯನ್ನು ಮುಚ್ಚುವುದಿಲ್ಲ. ನಿಮ್ಮ ಮೂಲ ತೊಂದರೆ ಅದೇ ತಾನೆ.

ಪ್ರಶ್ನೆ: ಡಾಟನ್ನು ಸ್ಕೋಪಿನ ತಲೆಯ ಮೇಲೆ ಕೂರಿಸುವುದು ಒಳ್ಳೆಯದೋ, ಪಕ್ಕಕ್ಕೆ ಓರೆಯಾಗಿಯೋ? — ಓದುಗರು, ಸಿರುಗುಪ್ಪ

ಉತ್ತರ: ಏರ್ ರೈಫಲಿಗೆ ಓರೆಯಾಗಿ ಇಡುವುದೇ ಒಳ್ಳೆಯದು. ಕಾರಣ ಎತ್ತರ. ಪೆಲೆಟ್ ಸೆಕೆಂಡಿಗೆ ಸುಮಾರು 220 ಮೀಟರ್ ವೇಗದಲ್ಲಿ ಹೊರಟು, ಝೀರೋ 25 ಮೀಟರಿಗಿದೆ ಎಂದುಕೊಳ್ಳಿ. ಡಾಟ್ ನಳಿಗೆಯ ನಡುವಿನಿಂದ 4 ಸೆಂ.ಮೀ. ಮೇಲಿದ್ದರೆ 10 ಮೀಟರಿನಲ್ಲಿ ಪೆಲೆಟ್ ಚುಕ್ಕಿಗಿಂತ 1 ಸೆಂ.ಮೀ. ಒಳಗಷ್ಟೇ ಕೆಳಗೆ ಬೀಳುತ್ತದೆ. ಸ್ಕೋಪಿನ ತಲೆಯ ಮೇಲೆ, ಅಂದರೆ 9 ಸೆಂ.ಮೀ. ಎತ್ತರದಲ್ಲಿ ಇಟ್ಟರೆ ಅದೇ 10 ಮೀಟರಿನಲ್ಲಿ ಮೂರೂವರೆ ಸೆಂ.ಮೀ.ಗಿಂತ ಹೆಚ್ಚು ಕೆಳಗೆ. ಡಾಟ್ ಬೇಕಾಗಿರುವುದೇ ಹತ್ತಿರದ ಗುರಿಗೆ, ತಪ್ಪು ದೊಡ್ಡದಾಗುವುದೂ ಹತ್ತಿರದಲ್ಲೇ. ಅಷ್ಟು ಎತ್ತರದ ಡಾಟಿಗೆ ಕೆನ್ನೆಯೂ ಸ್ಟಾಕಿನಿಂದ ಏಳುತ್ತದೆ. ಕಣ್ಣು ಪ್ರತಿ ಸಲವೂ ಒಂದೇ ಜಾಗಕ್ಕೆ ಬರುವುದಿಲ್ಲ.

ಬಲಗೈಯವರಿಗೆ ಓರೆ ಮೌಂಟ್ ಬಲಬದಿಗೆ ಬರಬೇಕು. ರೈಫಲನ್ನು ಎಡಕ್ಕೆ ಹೊರಳಿಸಿದಾಗ ಡಾಟ್ ನೆಟ್ಟಗೆ ಮೇಲೆ ಬರುತ್ತದೆ. ಕಾಕಿಂಗ್ ಲಿವರ್ ಕೂಡ ಬಲಕ್ಕಿದ್ದರೆ ಡಾಟನ್ನು ಅದಕ್ಕಿಂತ ಮುಂದೆ ಇಡಿ, ಇಲ್ಲವಾದರೆ ಲಿವರ್ ಎಳೆಯುವಾಗ ಬೆರಳಿನ ಗೆಣ್ಣು ತಾಗುತ್ತದೆ. ಡಾಟನ್ನು ಝೀರೋ ಮಾಡುವಾಗಲೂ ರೈಫಲ್ ಪೂರ್ತಿ ಹೊರಳಿರಬೇಕು. 30 ಡಿಗ್ರಿ ಹೊರಳಿಸಿ ಝೀರೋ ಮಾಡಿ, ಆಮೇಲೆ 45 ಹೊರಳಿಸಿ ಹೊಡೆದರೆ ಪೆಲೆಟ್ ಪಕ್ಕಕ್ಕೆ ಸರಿಯುತ್ತದೆ.

ಪ್ರಶ್ನೆ: ಮ್ಯಾಗ್ನಿಫೈಯರ್ ತೆರೆದು ಹೊಡೆದರೆ ಒಂದು ಕಡೆ, ಮಡಚಿ ಹೊಡೆದರೆ ಇನ್ನೊಂದು ಕಡೆ ಬೀಳುತ್ತದೆ. ಮ್ಯಾಗ್ನಿಫೈಯರಿನ ಸ್ಕ್ರೂ ತಿರುಗಿಸಿದರೂ ಸರಿಹೋಗಲಿಲ್ಲ. — ಓದುಗರು, ಸಿಂಧನೂರು

ಉತ್ತರ: ಆ ಸ್ಕ್ರೂಗಳಿಗೂ ಝೀರೋಗೂ ಸಂಬಂಧವಿಲ್ಲ. ಚುಕ್ಕಿ ಕಾಣುವ ಜಾಗವನ್ನು ಮ್ಯಾಗ್ನಿಫೈಯರಿನ ನಡುವಿಗೆ ತರುವುದಷ್ಟೇ ಅವುಗಳ ಕೆಲಸ. ಗುರಿಯ ಬೆಳಕೂ ಚುಕ್ಕಿಯ ಬೆಳಕೂ ಒಂದೇ ಗಾಜಿನ ಮೂಲಕ ಬರುವುದರಿಂದ ಎರಡೂ ಒಟ್ಟಿಗೇ ಸರಿಯುತ್ತವೆ. ಝೀರೋ ಇರುವುದು ಡಾಟ್‌ನಲ್ಲಿ.

ಮೊದಲಿಂದ ಹೀಗೆ ಮಾಡಿ. ಮ್ಯಾಗ್ನಿಫೈಯರ್ ಮಡಚಿ, ರೈಫಲನ್ನು ಮರಳಿನ ಚೀಲದ ಮೇಲಿಟ್ಟು 25 ಮೀಟರಿಗೆ 5 ಪೆಲೆಟ್ ಹೊಡೆಯಿರಿ. ಐದರ ನಡುವಿನ ಬಿಂದು ಗುರುತಿಸಿ. ಡಾಟ್‌ನ ಒಂದು ಕ್ಲಿಕ್ 1 ಎಂಒಎ ಆಗಿದ್ದರೆ 25 ಮೀಟರಿನಲ್ಲಿ ಅದು ಸುಮಾರು 7 ಮಿ.ಮೀ.; 3 ಸೆಂ.ಮೀ. ಕೆಳಗೆ ಬಿದ್ದಿದ್ದರೆ 4 ಕ್ಲಿಕ್ ಮೇಲಕ್ಕೆ. ಒಂದೇ ಪೆಲೆಟ್ ನೋಡಿ ಕ್ಲಿಕ್ ತಿರುಗಿಸಬೇಡಿ. ಮತ್ತೆ ಐದು ಹೊಡೆದು ಖಚಿತಪಡಿಸಿಕೊಂಡ ಮೇಲೆಯೇ ಮ್ಯಾಗ್ನಿಫೈಯರ್ ತೆರೆದು ಐದು ಹೊಡೆಯಿರಿ.

ಈಗಲೂ ವ್ಯತ್ಯಾಸ ಬಂದರೆ ರೈಫಲನ್ನು ಖಾಲಿ ಮಾಡಿ, ಖಾಲಿಯಾಗಿದೆ ಎಂದು ಕಣ್ಣಾರೆ ನೋಡಿ, ಬಟ್ಟೆ ಸುತ್ತಿ ವೈಸ್‌ಗೆ ಕಚ್ಚಿಸಿ. ಚುಕ್ಕಿಯನ್ನು ಗುರಿಯ ಒಂದು ಗುರುತಿನ ಮೇಲೆ ನಿಲ್ಲಿಸಿ ಮ್ಯಾಗ್ನಿಫೈಯರ್ ತೆರೆದು ಮಡಚಿ ನೋಡಿ. ಚುಕ್ಕಿ ಗುರುತು ಬಿಟ್ಟು ಸರಿದರೆ ಅಡಾಪ್ಟರ್ ಬಾಗುತ್ತಿದೆ ಅಥವಾ ಮೌಂಟ್ ಸಡಿಲವಿದೆ. ಚುಕ್ಕಿ ಕದಲದೆ, ತಲೆ ಅಲ್ಲಾಡಿಸಿದಾಗ ಮಾತ್ರ ಸರಿದರೆ ಅದು ಪ್ಯಾರಲಾಕ್ಸ್. ಕೆನ್ನೆ ಇಡುವ ಜಾಗ ಪ್ರತಿ ಸಲ ಬದಲಾಗುತ್ತಿದೆ.

ಸ್ಕೋಪಿನ ರಿಂಗ್ ಸ್ಕ್ರೂಗಳಿಗೆ 15ರಿಂದ 18 ಇಂಚ್-ಪೌಂಡ್, ಅಂದರೆ ಸುಮಾರು 2 ನ್ಯೂಟನ್ ಮೀಟರ್ ಸಾಕು. ಅಲೆನ್ ಕೀಗೆ ಪೈಪು ಸಿಕ್ಕಿಸಿ ಬಿಗಿದರೆ ಟ್ಯೂಬ್ ನೆಗ್ಗುತ್ತದೆ. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಮೌಂಟ್‌ವರೆಗೆ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದು ತಕ್ಷಣ ತಿಳಿಯುತ್ತದೆ.

ಪ್ರಶ್ನೆ: ಮಧ್ಯಾಹ್ನದ ಬಿಸಿಲಿನಲ್ಲಿ ಚುಕ್ಕಿ ಮಾಯವಾಗುತ್ತದೆ. ಬ್ಯಾಟರಿ ಹೊಸದು. — ಓದುಗರು, ರಾಯಚೂರು

ಉತ್ತರ: ನಿಮ್ಮದು ಬೆಳಕನ್ನು ತಾನೇ ಅಳೆದು ಹೊಂದಿಕೊಳ್ಳುವ ಸೈಟ್ ಇರಬೇಕು. ನೀವು ತಗಡಿನ ಮಾಡಿನ ಕೆಳಗೆ ನೆರಳಲ್ಲಿ ಕೂತಿರುತ್ತೀರಿ, ಗುರಿ ಸುಡುಬಿಸಿಲಲ್ಲಿ. ಸೈಟ್ ಅಳೆಯುವುದು ತನ್ನ ಸುತ್ತಲಿನ ನೆರಳನ್ನು, ಹಾಗಾಗಿ ಚುಕ್ಕಿಯನ್ನು ಮಂದ ಮಾಡುತ್ತದೆ. ಕೈಯಿಂದ ಹೊಂದಿಸುವ ವ್ಯವಸ್ಥೆ ಇದ್ದರೆ ಅದಕ್ಕೆ ಬದಲಿಸಿ, ಬಿಸಿಲಿನ ಗುರಿಯನ್ನು ನೋಡುತ್ತಲೇ ಹೆಚ್ಚಿಸಿ. ಮ್ಯಾಗ್ನಿಫೈಯರ್ ತೆರೆದಾಗ ಒಂದೆರಡು ಹಂತ ಇಳಿಸಿದರೆ ಚುಕ್ಕಿಯ ಸುತ್ತಲಿನ ಪ್ರಭೆ ಹೋಗುತ್ತದೆ. ಬೇಸಿಗೆಯಲ್ಲಿ ಸೈಟನ್ನು ಮುಚ್ಚಿದ ಕಾರಿನೊಳಗೆ ಬಿಟ್ಟುಬರಬೇಡಿ.

ಪ್ರಶ್ನೆ: ಚುಕ್ಕಿ ದುಂಡಗಿಲ್ಲ, ಬಾಲ ಬಂದಂತೆ ಕಾಣುತ್ತದೆ. ಸೈಟ್ ಕೆಟ್ಟಿದೆಯೇ? — ಓದುಗರು, ಕುಷ್ಟಗಿ

ಉತ್ತರ: ಮೊಬೈಲ್ ಕ್ಯಾಮೆರಾ ಹಿಡಿದು ಸೈಟ್ ಮೂಲಕ ಫೋಟೊ ತೆಗೆಯಿರಿ. ಫೋಟೊದಲ್ಲಿ ಚುಕ್ಕಿ ದುಂಡಗಿದ್ದರೆ ಸೈಟ್ ಸರಿಯಿದೆ. ನಿಮ್ಮ ಕಣ್ಣಿನಲ್ಲಿ ಅಸ್ಟಿಗ್ಮಾಟಿಸಂ (ಕಣ್ಣಿನ ಬಾಗು ಸಮವಿಲ್ಲದ ದೋಷ) ಇರಬಹುದು, ಪರೀಕ್ಷೆ ಮಾಡಿಸಿ. ಸರಿಯಾದ ಕನ್ನಡಕ ಹಾಕಿದರೆ ಬಾಲ ಬಹುತೇಕ ಹೋಗುತ್ತದೆ. ಮ್ಯಾಗ್ನಿಫೈಯರ್ ಇದಕ್ಕೆ ಮದ್ದಲ್ಲ. ಕನ್ನಡಕ ಬೇಡವೆನ್ನುವವರು ಗಾಜಿನ ಮೇಲೆಯೇ ಗುರುತು ಕೊರೆದಿರುವ ಪ್ರಿಸಂ ಸೈಟ್ ನೋಡಬಹುದು.

ಪ್ರಶ್ನೆ: ಅದಿರಿನ ಕೆಂಪು ದೂಳು ಗಾಜಿನ ಮೇಲೆ ಕೂರುತ್ತದೆ. ಹೇಗೆ ಒರೆಸುವುದು? — ಓದುಗರು, ಸಂಡೂರು

ಉತ್ತರ: ಒಣಬಟ್ಟೆಯಿಂದ, ಅಂಗಿಯ ತುದಿಯಿಂದ ಒರೆಸಲೇಬೇಡಿ. ಕಬ್ಬಿಣದ ಅದಿರಿನ ಕಣ ಗಟ್ಟಿ, ಗಾಜಿನ ಲೇಪನವನ್ನು ಗೀರುತ್ತದೆ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆಗೆ ಒಂದು ಹನಿ ಲೆನ್ಸ್ ದ್ರವ. ತೆರೆದ ಡಾಟ್‌ಗಳಲ್ಲಿ ಚುಕ್ಕಿ ಹೊರಡುವ ಎಲ್‌ಇಡಿಯ ಬಾಯಿಗೂ ಗಾಳಿ ಊದಬೇಕು. ಅಲ್ಲಿ ಒಂದು ಕಣ ಕೂತರೂ ಚುಕ್ಕಿ ಮುಕ್ಕಾಗುತ್ತದೆ.

ಪ್ರಶ್ನೆ: ಡಾಟ್ ಹಾಕಿದ ರೈಫಲನ್ನು 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಒಯ್ಯಬಹುದೇ? ಹೊಲಕ್ಕೆ ನುಗ್ಗುವ ಕಾಡುಹಂದಿಗೆ? — ಓದುಗರು, ಮಾನ್ವಿ

ಉತ್ತರ: ಎರಡಕ್ಕೂ ಇಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದ 10 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ರೆಡ್ ಡಾಟ್, ಸ್ಕೋಪ್ ಎರಡಕ್ಕೂ ಅವಕಾಶವಿಲ್ಲ. ಸಣ್ಣ ರಂಧ್ರದ ಸೈಟಿನಲ್ಲೇ ಅಭ್ಯಾಸ ಮಾಡಬೇಕು. ಇನ್ನು ಹಂದಿಯ ಮಾತು. 4.5 ಮಿ.ಮೀ. ಮತ್ತು 20 ಜೂಲ್ ಮಿತಿಯೊಳಗಿನ ಏರ್ ರೈಫಲಿಗೆ ಲೈಸೆನ್ಸ್ ಬೇಡ ಎಂಬುದು ಬೇಟೆಗೆ ಅನುಮತಿಯಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅನುಮತಿಯಿಲ್ಲದೆ ಕಾಡುಹಂದಿಗೆ ಹೊಡೆಯುವುದು ಅಪರಾಧ, ಮತ್ತು ಅಷ್ಟು ಶಕ್ತಿಯ ಪೆಲೆಟ್ ಹಂದಿಯನ್ನು ಗಾಯಗೊಳಿಸಿ ನರಳಿಸುತ್ತದೆ ಅಷ್ಟೇ. ಬೆಳೆ ಹಾಳಾಗಿದ್ದರೆ ಫೋಟೊ, ಪಹಣಿಯ ಜೊತೆ ನಿಮ್ಮ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ.