ಏಳರ ಮಗ್ಗಿ ಮತ್ತು ಹೊಟ್ಟೆನೋವು

(ಪೋಷಕರ ಒಪ್ಪಿಗೆ ಪಡೆದು ಬರೆದದ್ದು. ಹೆಸರನ್ನೂ ಗುರುತು ಹತ್ತಬಹುದಾದ ವಿವರಗಳನ್ನೂ ಬದಲಿಸಿದ್ದೇನೆ.)

ಹುಡುಗನನ್ನು ಚಿನ್ಮಯ ಎಂದುಕೊಳ್ಳೋಣ. ಓದುತ್ತಿದ್ದುದು ನಾಲ್ಕನೆಯ ತರಗತಿ. ಜುಲೈ ತಿಂಗಳಲ್ಲಿ ತಾಯಿ ಸಲಹೆಗಾಗಿ ನನ್ನ ಬಳಿಗೆ ಕರೆತಂದಾಗ ಅವರ ಕೈಚೀಲದಲ್ಲಿ ಮಕ್ಕಳ ವೈದ್ಯರ ಚೀಟಿ, ಸ್ಕ್ಯಾನಿಂಗ್ ವರದಿ, ಜಂತುಹುಳದ ಔಷಧಿಯ ಖಾಲಿ ಬಾಟಲಿ ಎಲ್ಲವೂ ಇದ್ದವು. ಹೊಟ್ಟೆಯಲ್ಲಿ ದೋಷವೇನೂ ಇಲ್ಲ ಎಂದು ವೈದ್ಯರು ಬರೆದಿದ್ದರು. “ಆದರೂ ನೋವು ಸುಳ್ಳಲ್ಲ ಮೇಡಂ, ಬೆವರುತ್ತಾನೆ” ಎಂದರು ತಾಯಿ. ಆ ಮಾತನ್ನು ನಾನು ಹಾಗೆಯೇ ನಂಬಿದೆ. ನಟನೆ ಎಂದು ಶುರುಮಾಡಿದರೆ ಮಗು ಎರಡನೆಯ ಸಲ ನಮ್ಮ ಮುಂದೆ ಬಾಯಿ ಬಿಡುವುದಿಲ್ಲ.

ನೋವು ಬಂದ ದಿನ, ಬಂದ ಹೊತ್ತು, ಹೋದ ಹೊತ್ತು ಇಷ್ಟನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಂದೆ. ಎರಡು ವಾರಕ್ಕೆ ಐದು ಗುರುತುಗಳು. ಮಂಗಳವಾರ, ಗುರುವಾರ ಒಂದೂ ತಪ್ಪಿರಲಿಲ್ಲ. ಭಾನುವಾರ ಒಂದೂ ಇರಲಿಲ್ಲ. ಶಾಲೆಯ ವ್ಯಾನ್ ಬೀದಿ ದಾಟಿ ಹೋದ ಮೇಲೆ ಅರ್ಧ ಗಂಟೆಯೊಳಗೆ ನೋವು ಇಳಿಯುತ್ತಿತ್ತು. ಮಂಗಳವಾರ, ಗುರುವಾರ ಮೊದಲ ಪಿರಿಯಡ್ಡಿನಲ್ಲಿ ಬಾಯಿಪಾಠದ ಮಗ್ಗಿ.

ಅವನೊಂದಿಗೆ ಮಾತನಾಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಯಾರೋ ಬೀರುವಿನ ಬಾಗಿಲನ್ನು ದಡಾರನೆ ಹಾಕಿದರು. ಹುಡುಗನ ಹೆಗಲು ಕಿವಿಯವರೆಗೆ ಏರಿತು, ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ತರಗತಿಯಲ್ಲಿ ಇಂಥ ಸದ್ದು ಆಗುತ್ತದೆಯೇ ಎಂದು ಕೇಳಿದೆ. “ಮಿಸ್ ಡಸ್ಟರ್ ಕುಟ್ಟುತ್ತಾರೆ. ತಪ್ಪಾದಾಗ.” ಎಲ್ಲಿ ತಪ್ಪಾಗುತ್ತದೆ? “ಏಳೆಂಟ್ಲ.” ಮುಂದಿನ ಐವತ್ತಾರು ಬಾಯಿಂದ ಹೊರಡಲಿಲ್ಲ.

ಬಿ.ಎಡ್. ಓದಿದವರಿಗೆ 1920ರ ಪ್ರಯೋಗದ ಪುಟ್ಟ ಆಲ್ಬರ್ಟ್ ನೆನಪಿರಬೇಕು. ಬಿಳಿ ಇಲಿಯನ್ನು ಕಂಡರೆ ಹೆದರದಿದ್ದ ಹಸುಗೂಸು. ಅದು ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಮನೋವಿಜ್ಞಾನಿಗಳಾದ ವಾಟ್ಸನ್ ಮತ್ತು ರೇನರ್ ಅದರ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೊನೆಗೆ ಇಲಿ ಕಂಡರೆ ಸಾಕು, ಅಳು. ಆಮೇಲೆ ಮೊಲಕ್ಕೂ ನಾಯಿಗೂ ಅಳು. ಆ ಭಯವನ್ನು ಬಿಡಿಸುವ ಗೋಜಿಗೆ ವಾಟ್ಸನ್ ಹೋಗಲಿಲ್ಲ ಎಂಬುದು ನನಗೆ ಇಂದಿಗೂ ಕೋಪ ತರಿಸುವ ಸಂಗತಿ. ಚಿನ್ಮಯನಿಗೂ ಭಯ ಏಳರ ಮಗ್ಗಿಯಿಂದ ಗಣಿತದ ಪುಸ್ತಕಕ್ಕೆ, ಅಲ್ಲಿಂದ ಗೂಟಕ್ಕೆ ನೇತುಹಾಕಿದ ಸಮವಸ್ತ್ರಕ್ಕೆ ಹರಡಿತ್ತು.

ಮನೆಯವರು ಸುಮ್ಮನೆ ಕುಳಿತಿರಲಿಲ್ಲ. ತಂದೆ ಮಗ್ಗಿಗೆ ಹತ್ತು ರೂಪಾಯಿಯಂತೆ ಬಹುಮಾನ ಇಟ್ಟಿದ್ದರು. ಆರರವರೆಗೆ ಹುಡುಗ ಲೆಕ್ಕವಾಗಿ ಅರವತ್ತು ರೂಪಾಯಿ ವಸೂಲಿ ಮಾಡಿದ್ದ. ಏಳಕ್ಕೆ ದರ ಐವತ್ತಕ್ಕೆ ಏರಿದರೂ ಕೆಲಸವಾಗಲಿಲ್ಲ. ತರಗತಿಯ ಗೋಡೆಯ ಮೇಲೆ ನಕ್ಷತ್ರಗಳ ಪಟ್ಟಿ ಇತ್ತು. ಅವನ ಸಾಲಿನಲ್ಲಿ ಆರು ನಕ್ಷತ್ರ, ಆಮೇಲೆ ಬಿಳಿ ಹಾಳೆ. ಮೂವತ್ತೆಂಟು ಮಕ್ಕಳೂ ದಿನವೂ ಓದಬಹುದಾದ ಬಿಳಿ ಹಾಳೆ.

ವರ್ತನಾವಾದ, ಅಂದರೆ ಸಿಗುವ ಫಲಕ್ಕೆ ತಕ್ಕಂತೆ ವರ್ತನೆ ಬೆಳೆಯುತ್ತದೆ ಅಥವಾ ಕುಗ್ಗುತ್ತದೆ ಎಂಬ ಸಿದ್ಧಾಂತ, ಇಲ್ಲಿ ಕೈಕೊಟ್ಟಿರಲಿಲ್ಲ, ಚಾಚೂ ತಪ್ಪದೆ ಕೆಲಸ ಮಾಡಿತ್ತು. ಹೊಟ್ಟೆ ನೋಯುತ್ತದೆ ಎಂದರೆ ವ್ಯಾನ್ ತಪ್ಪುತ್ತದೆ, ಡಸ್ಟರ್ ತಪ್ಪುತ್ತದೆ, ಅಜ್ಜಿಯ ಜೀರಿಗೆ ಕಷಾಯ ಸಿಗುತ್ತದೆ, ಅವರ ಮಡಿಲು ಸಿಗುತ್ತದೆ. ಬೇಡವಾದದ್ದು ದೂರವಾಗುವುದರಿಂದ ಒಂದು ವರ್ತನೆ ಬಲಗೊಳ್ಳುವುದನ್ನು ಮನೋವಿಜ್ಞಾನಿ ಸ್ಕಿನ್ನರ್ ಋಣಾತ್ಮಕ ಪುನರ್ಬಲನ ಎಂದರು. ಅದೆಂದರೆ ಶಿಕ್ಷೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬಳು. ಶಿಕ್ಷೆ ವರ್ತನೆಯನ್ನು ಕುಗ್ಗಿಸುತ್ತದೆ, ಇದು ಬೆಳೆಸುತ್ತದೆ. ಈ ಮನೆಯಲ್ಲಿ ಎಲ್ಲರೂ ಸೇರಿ ಬೆಳೆಸಿದ್ದು ಹೊಟ್ಟೆನೋವನ್ನು.

ನನ್ನ ಮೊದಲ ಸಲಹೆ ತಪ್ಪಾಯಿತು. ನೋವು ಎಂದಾಗ ಹೆಚ್ಚು ಗಮನ ಕೊಡಬೇಡಿ, ಶಾಲೆಗೆ ಕಳಿಸಿ ಎಂದೆ. ಪುನರ್ಬಲನ ನಿಂತರೆ ವರ್ತನೆ ಕ್ರಮೇಣ ನಂದುತ್ತದೆ ಎಂಬುದು ಪುಸ್ತಕದ ಮಾತು. ನಂದುವ ಮೊದಲು ಒಮ್ಮೆ ಭುಗಿಲೆದ್ದು ಉರಿಯಬಹುದು ಎಂದೂ ಪುಸ್ತಕದಲ್ಲಿದೆ. ಅದನ್ನು ನಾನು ಹೇಳಲಿಲ್ಲ. ಎರಡು ದಿನ ಅತ್ತುಕೊಂಡು ಹೋದ ಹುಡುಗ ಮೂರನೆಯ ದಿನ ವಾಂತಿ ಮಾಡಿಕೊಂಡ. ಅಜ್ಜಿ ಬಾಗಿಲಿಗೆ ಅಡ್ಡ ನಿಂತು, “ಮಗುವಿನ ಜೀವಕ್ಕಿಂತ ನಿಮ್ಮ ಮಗ್ಗಿ ಹೆಚ್ಚೇ?” ಎಂದರಂತೆ. ಅಂದು ರಜೆ. ಮುಂದಿನ ವಾರವೂ ಎರಡು ದಿನ ಬಿಗಿ, ಒಂದು ದಿನ ಸಡಿಲ. ಪ್ರಯೋಗಗಳಲ್ಲಿ, ಗುಂಡಿ ಕುಟುಕಿದಾಗ ಪ್ರತಿಸಲ ಕಾಳು ಸಿಗುವ ಪಾರಿವಾಳಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಗುವ ಪಾರಿವಾಳವೇ, ಕಾಳು ನಿಂತ ಮೇಲೂ ಹೆಚ್ಚು ಹೊತ್ತು ಕುಟುಕುತ್ತಿರುತ್ತದೆ. ನೋವನ್ನು ನಾವು ಇನ್ನಷ್ಟು ಗಟ್ಟಿ ಮಾಡಿದ್ದೆವು. ಅಜ್ಜಿಯನ್ನು ಮೊದಲ ದಿನವೇ ಕರೆದು ಕೂರಿಸಿಕೊಳ್ಳದಿದ್ದುದು ನನ್ನ ತಪ್ಪು.

ಎರಡನೆಯ ಸಲ ಅಜ್ಜಿಯಿಂದಲೇ ಆರಂಭಿಸಿದೆ. “ಕಷಾಯ ನಿಲ್ಲಿಸಬೇಡಿ ಅಮ್ಮ, ಹೊತ್ತು ಬದಲಿಸಿ” ಎಂದೆ. ದಿನವೂ ಸಂಜೆ ಶಾಲೆಯಿಂದ ಬಂದ ಕೂಡಲೇ ಕಷಾಯ, ಬೆಲ್ಲದ ಚೂರು, ಅಜ್ಜಿಯ ಪಕ್ಕದಲ್ಲಿ ಅರ್ಧ ಗಂಟೆ. ನೋವಿದ್ದರೂ ಇಲ್ಲದಿದ್ದರೂ, ಮಗ್ಗಿ ಬಂದರೂ ಬಾರದಿದ್ದರೂ. ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಅಂದರೆ ನನ್ನ ಹತ್ತಿರ ಬರುವುದಕ್ಕೆ ಅವನಿಗೆ ಕಾಯಿಲೆ ಬೇಕಾಗಬಾರದು” ಎಂದರು. ನನ್ನ ಕಡತದಲ್ಲಿ ಆ ದಿನದ ಟಿಪ್ಪಣಿಯಾಗಿ ಆ ವಾಕ್ಯವನ್ನೇ ಬರೆದುಕೊಂಡಿದ್ದೇನೆ.

ತಂದೆಗೆ ಹಣದ ಆಟ ನಿಲ್ಲಿಸಲು ಹೇಳಿದೆ. ಅವರು ಆಗಲೇ ಮಗನ ಚಿತ್ರಗಳಿಗೂ ಐದೈದು ರೂಪಾಯಿ ಕೊಡುವ ಯೋಚನೆಯಲ್ಲಿದ್ದರು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಮಾಡಿದ ಪ್ರಯೋಗದ ಬಗ್ಗೆ ತಿಳಿಸಿದೆ: ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ, ಬಿಡಿಸಿದರೆ ಬಹುಮಾನ ಎಂದು ಮೊದಲೇ ಹೇಳಿಸಿಕೊಂಡವರು ಆಮೇಲೆ ಬಣ್ಣದ ಪೆನ್ನುಗಳ ಕಡೆ ಹೋಗುವುದೇ ಕಡಿಮೆಯಾಯಿತು. ಇಷ್ಟದ ಕೆಲಸಕ್ಕೆ ಕೂಲಿ ನಿಗದಿಯಾದರೆ ಇಷ್ಟ ಹೋಗಿ ಕೂಲಿಯಷ್ಟೇ ಉಳಿಯಬಹುದು. ವ್ಯಾಪಾರಸ್ಥರಾದ ಅವರಿಗೆ ಇದು ಬೇಗ ಅರ್ಥವಾಯಿತು.

ಶಿಕ್ಷಕಿಯ ಬಳಿ ಹೋಗುವಾಗ ನನಗೇ ಅಳುಕಿತ್ತು. ಆಕೆ ಒಳ್ಳೆಯ ಶಿಕ್ಷಕಿ, ದಣಿದ ಶಿಕ್ಷಕಿ. “ನಾನು ಯಾರಿಗೂ ಹೊಡೆಯುವುದಿಲ್ಲ, ಮೇಜಿಗೆ ಮಾತ್ರ” ಎಂದರು. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿದೆ. ಕಾನೂನು ಎತ್ತಿದರೆ ಸಂಭಾಷಣೆ ಅಲ್ಲಿಗೇ ಮುಗಿಯುತ್ತದೆ. ಬದಲಿಗೆ ಪೀಟರ್‌ನ ಕಥೆ ಹೇಳಿದೆ. 1924ರಲ್ಲಿ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಪ್ರಕಟಿಸಿದ ಪ್ರಕರಣ: ಮೊಲಕ್ಕೆ ಹೆದರುತ್ತಿದ್ದ ಮೂರು ವರ್ಷದೊಳಗಿನ ಮಗು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿ ಇಟ್ಟು, ಅವನು ಸಹಿಸುವಷ್ಟೇ ಹತ್ತಿರ ತರುತ್ತ ಹೋದರು. ಕೊನೆಗೆ ಅವನೇ ಅದನ್ನು ಮುಟ್ಟಿ ಆಡಿಸಿದ.

ನಮ್ಮ ಮೊಲ ಏಳರ ಮಗ್ಗಿ. ಮೊದಲ ವಾರ ಅವನು ಅದನ್ನು ಕಾಗದದ ಮೇಲೆ ಬರೆಯುವುದಷ್ಟೇ, ಸುತ್ತಲೂ ಚಿತ್ರ ಬಿಡಿಸಿಕೊಂಡು. ಮುಂದಿನ ವಾರ ಶಿಕ್ಷಕಿಯ ಕಿವಿಯಲ್ಲಿ ಮೂರು ಸಾಲು. ಆಮೇಲೆ ಪಕ್ಕದ ಗೆಳೆಯನಿಗೆ, ಆಮೇಲೆ ನಾಲ್ವರ ಗುಂಪಿನಲ್ಲಿ. ತಡವರಿಸಿದರೆ ಒಂದು ಮೆಟ್ಟಿಲು ಕೆಳಗೆ ಬರುವುದು. ಸರಿಯೋ ತಪ್ಪೋ ಆಗಲೇ ತಿಳಿಸುವುದು. ಅವನ ನೋಟ್‌ಬುಕ್ ಅಲ್ಲಿಯವರೆಗೆ ನಾಲ್ಕು ದಿನ ಬಿಟ್ಟು ತಿದ್ದಿ ಬರುತ್ತಿತ್ತು. 1953ರ ನವೆಂಬರಿನಲ್ಲಿ ಸ್ಕಿನ್ನರ್ ತಮ್ಮ ಮಗಳ ಗಣಿತ ತರಗತಿಗೆ ಹೋಗಿ ಕುಳಿತಾಗ ಅವರನ್ನು ಕಾಡಿದ್ದೂ ಇದೇ: ಮಾಡಿದ ಲೆಕ್ಕ ಸರಿಯೇ ಎಂದು ಮಕ್ಕಳಿಗೆ ಕೂಡಲೇ ತಿಳಿಯುವಂತಿರಲಿಲ್ಲ. ಉತ್ತರ ಸರಿಯೇ ಎಂದು ಕೂಡಲೇ ತಿಳಿಸುವ ಅವರ ಕಲಿಕಾ ಯಂತ್ರ ಹುಟ್ಟಿದ್ದು ಅಲ್ಲಿಂದ. ಕಾಕತಾಳೀಯವಾಗಿ ಅದೂ ನಾಲ್ಕನೆಯ ತರಗತಿ. ಇದನ್ನು ಕೇಳಿ ಶಿಕ್ಷಕಿ ನಕ್ಕು, “ಮೂವತ್ತೆಂಟು ಪುಸ್ತಕ ತಿದ್ದಿದವರೇ ಆ ಯಂತ್ರ ಕಂಡುಹಿಡಿಯಬೇಕಿತ್ತು” ಎಂದರು. ಮಕ್ಕಳೇ ಜೋಡಿಯಾಗಿ ಉತ್ತರಪಟ್ಟಿ ನೋಡಿ ತಿದ್ದಿಕೊಳ್ಳುವುದು ಎಂದು ಒಪ್ಪಂದವಾಯಿತು. ನಕ್ಷತ್ರದ ಪಟ್ಟಿಯನ್ನು ತೆಗೆಯಲು ಒಪ್ಪಲಿಲ್ಲ, ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡರು. ಅಷ್ಟು ಸಾಕಾಗಿತ್ತು.

ಏಳನೆಯ ವಾರದಲ್ಲಿ ಚಿನ್ಮಯ ನಾಲ್ವರ ಮುಂದೆ ಏಳರ ಮಗ್ಗಿಯನ್ನು ಪೂರ್ತಿ ಹೇಳಿದ. ಇಡೀ ತರಗತಿಯ ಮುಂದೆ ಇನ್ನೂ ಹೇಳುವುದಿಲ್ಲ. ನಾನು ಒತ್ತಾಯಿಸಿಲ್ಲ.

ತಾಯಿಗೆ ಒಂದು ಎಚ್ಚರಿಕೆ ಮೊದಲೇ ಕೊಟ್ಟಿದ್ದೆ. ಸೂಚನೆ ಸಿಕ್ಕೊಡನೆ ಆಹಾರ ಬರುತ್ತದೆಂದು ಜೊಲ್ಲು ಸುರಿಸಲು ಕಲಿತು, ಆಹಾರ ನಿಂತ ಮೇಲೆ ಅದನ್ನು ಬಿಟ್ಟಿದ್ದ ವಿಜ್ಞಾನಿ ಪಾವ್ಲೋವ್‌ನ ನಾಯಿಗಳು ಸ್ವಲ್ಪ ಬಿಡುವಿನ ನಂತರ ಅದೇ ಸೂಚನೆಗೆ ಮತ್ತೆ ಜೊಲ್ಲು ಸುರಿಸಿದ್ದವು. ಆದ್ದರಿಂದ ದಸರಾ ರಜೆ ಮುಗಿದಾಗ ನೋವು ಮರಳಿದರೆ ಗಾಬರಿಯಾಗಬೇಡಿ ಎಂದಿದ್ದೆ. ಮರಳಿತು. ಶಾಲೆ ತೆರೆದ ದಿನ ಬೆಳಗ್ಗೆ ಫೋನ್ ಮಾಡಿದರು, ಏನು ಮಾಡಲಿ ಎಂದು ಕೇಳಲಿಲ್ಲ. “ಬಂದಿದೆ ಮೇಡಂ. ಹೊಟ್ಟೆ ಹಿಡಿದುಕೊಂಡೇ ವ್ಯಾನ್ ಹತ್ತಿದ. ಅತ್ತೆ ಸಂಜೆಗೆ ಜೀರಿಗೆ ಹುರಿಯುತ್ತಿದ್ದಾರೆ.”