ಜರ್ನಲ್ ಚೆಂದ, ಕೈ ನಡುಕ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗಿಯ ಒಪ್ಪಿಗೆ ಇದೆ.)

ಪುಣೆಯ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಮೈಕ್ರೋಬಯಾಲಜಿ ಓದುವ ಹುಡುಗಿ. ಜತ್, ಅಕ್ಕಲಕೋಟ ಕಡೆ ಮಹಾರಾಷ್ಟ್ರದ ಒಳಗೇ ಕನ್ನಡ ಶಾಲೆಗಳಿವೆ ಅಲ್ವಾ, ಅಂಥದೊಂದರಲ್ಲಿ ಹತ್ತನೆಯವರೆಗೆ ಕಲಿತವಳು. ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಕಳಿಸಿದ್ದು ಹಾಸ್ಟೆಲಿನ ರೆಕ್ಟರ್ (ವಾರ್ಡನ್). ಪ್ರಾಕ್ಟಿಕಲ್ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು. ಈಚೆಗೆ ಲ್ಯಾಬಿಗೆ ಹೋಗುವುದನ್ನೇ ನಿಲ್ಲಿಸಿದ್ದಳು.

"ನನ್ನ ತಲಿಗೆ ಇದು ಹತ್ತಂಗಿಲ್ರಿ ಮೇಡಂ. ಪಿಪೆಟ್ ಹಿಡದ್ರ ಕೈ ನಡಗ್ತಾವ್ರಿ." ಪಿಪೆಟ್ ಅಂದರೆ ದ್ರವವನ್ನು ಅಳತೆಯಾಗಿ ಎಳೆದು ಹಾಕುವ ಸಾಧನ.

ನಿದ್ದೆ, ಊಟ, ಮುಟ್ಟು, ಮನೆಯ ಸಮಾಚಾರ ಎಲ್ಲ ಕೇಳಿದೆ. ಬೇರೆಲ್ಲೂ ನಡುಕ ಇಲ್ಲ. ಭಾನುವಾರ ಹೊಟ್ಟೆನೋವು ಇಲ್ಲ. ಲ್ಯಾಬಿನ ಹೊರಗೂ ಹೀಗಾಗುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತಿದ್ದೆ. ಮುಂದಿನ ಸಲ ಬರುವಾಗ ಜರ್ನಲ್ (ಪ್ರಾಕ್ಟಿಕಲ್ ಬರೆದಿಡುವ ವಹಿ) ತಾ ಅಂದೆ.

ಮುತ್ತು ಪೋಣಿಸಿದಂಥ ಅಕ್ಷರ. ಪೆನ್ಸಿಲ್ ಚಿತ್ರಗಳು, ಪುಟ ಪುಟಕ್ಕೂ ಮಾಸ್ತರರ ಸಹಿ. "ಈ ರೀಡಿಂಗ್ ನೀನೇ ತಗೊಂಡಿದ್ದೇನು?" ಅಂತ ಕೇಳಿದೆ. ಉತ್ತರ ಬರಲಿಲ್ಲ. ನಿಧಾನಕ್ಕೆ ಹೊರಗೆ ಬಂತು. ಗುಂಪಿನಲ್ಲಿ ನಾಲ್ವರು. ಪುಣೆಯಲ್ಲೇ ಬೆಳೆದ ಒಬ್ಬ ಚುರುಕಿನ ಹುಡುಗ ಎಲ್ಲ ಮಾಡಿ ಮುಗಿಸುತ್ತಾನೆ. ಇವಳ ಅಕ್ಷರ ಚೆಂದ, ಹಾಗಾಗಿ ಬರೆಯುವ ಕೆಲಸ ಇವಳದು. ಹನ್ನೊಂದು, ಹನ್ನೆರಡರಲ್ಲೂ ಹೀಗೇ ನಡೆದಿತ್ತು. ವರ್ಷಗಟ್ಟಲೆ ಪ್ರಾಕ್ಟಿಕಲ್ ಬರೆದಿದ್ದಾಳೆ, ಒಂದನ್ನೂ ಪೂರ್ತಿ ಮಾಡಿಲ್ಲ. ಈಗ ಪರೀಕ್ಷೆ ಹತ್ತಿರ ಬಂದಿದೆ. ಅಲ್ಲಿ ಚೀಟಿ ಎತ್ತಿ ಒಬ್ಬಳೇ ಮಾಡಬೇಕು.

"ಆತ್ಮವಿಶ್ವಾಸ ಕಡಿಮೆ" ಅಂತ ರೆಕ್ಟರ್ ಚೀಟಿ ಬರೆದಿದ್ದರು. ನನಗೆ ಈ ಮಾತು ಒಗ್ಗುವುದಿಲ್ಲ. ಕೆಲಸವೇ ಬರದಿದ್ದಾಗ ವಿಶ್ವಾಸ ಎಲ್ಲಿಂದ ಬರಬೇಕು? ಅವಳನ್ನೇ ಕೇಳಿದೆ: "ರೊಟ್ಟಿ ನೋಡಿ ಕಲಿತ್ಯೋ, ಬಡದು ಕಲಿತ್ಯೋ?" ಮೊದಲ ಸಲ ನಕ್ಕಳು. "ಬಡದೇ ರಿ. ಮೊದಲಿನ ರೊಟ್ಟಿ ಎಮ್ಮಿಗೇ ಹಾಕಿದ್ವಿ."

ಅವಳ ಒಪ್ಪಿಗೆ ತೆಗೆದುಕೊಂಡು ಲ್ಯಾಬಿನ ಮೇಡಂ ಜೊತೆ ಮಾತಾಡಿದೆ. ಒಳ್ಳೆಯವರು. ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ, ಒಂದು ಮೈಕ್ರೋಪಿಪೆಟ್, ಒಂದು ಬೀಕರ್ ನೀರು, ಒಂದು ತಕ್ಕಡಿ ಕೊಟ್ಟರು. ನೀರಿನಲ್ಲಿ ಕಲಿಯುವುದರ ಲಾಭ ಏನೆಂದರೆ, ಏನೂ ಹಾಳಾಗುವುದಿಲ್ಲ, ತಪ್ಪು ತಕ್ಷಣ ಗೊತ್ತಾಗುತ್ತದೆ. 100 ಮೈಕ್ರೋಲೀಟರ್ ನೀರು ಹೆಚ್ಚುಕಮ್ಮಿ 0.1 ಗ್ರಾಂ ತೂಗಬೇಕು. ಇವಳದು ಪ್ರತಿ ಸಲವೂ ಜಾಸ್ತಿ. ಕಾರಣ ಸಣ್ಣದು. ಪಿಪೆಟ್‌ನ ಗುಂಡಿಗೆ ಎರಡು ನಿಲುಗಡೆ ಇರುತ್ತವೆ. ಮೊದಲನೆಯದರ ತನಕ ಒತ್ತಿ, ತುದಿಯನ್ನು ನೀರಿಗೆ ಇಳಿಸಿ, ನಿಧಾನವಾಗಿ ಬಿಟ್ಟರೆ ಸರಿಯಾದ ಅಳತೆ ಬರುತ್ತದೆ. ಎರಡನೆಯದು ಸುರಿಯುವಾಗ ಕೊನೆಯ ಹನಿ ಹೊರಹಾಕಲು ಮಾತ್ರ. ಇವಳು ಹೆದರಿಕೆಯಲ್ಲಿ ಮೊದಲೇ ತಳದ ತನಕ ಒತ್ತುತ್ತಿದ್ದಳು. ಇದನ್ನು ಯಾರೂ ಹೇಳಿರಲಿಲ್ಲ, ಏಕೆಂದರೆ ಅವಳ ಕೈಯಲ್ಲಿ ಪಿಪೆಟ್ ಇದ್ದದ್ದನ್ನು ಯಾರೂ ನೋಡಿರಲಿಲ್ಲ. ತೂಕದ ಅಂಕಿಗಳು ಒಂದಕ್ಕೊಂದು ಹತ್ತಿರ ಬರತೊಡಗಿದಾಗ ಕೈ ನಡುಕ ತಾನಾಗಿಯೇ ಕಡಿಮೆಯಾಯಿತು.

ಇನ್ನೊಂದು ಗಂಟು ಡೈಲ್ಯೂಷನ್, ಅಂದರೆ ನೀರು ಬೆರೆಸಿ ತೆಳು ಮಾಡುವುದು. ಹತ್ತು ಪಟ್ಟು ತೆಳು ಮಾಡು ಎಂದರೆ 1 ಮಿಲಿ ಹಾಲಿಗೆ 10 ಮಿಲಿ ನೀರು ಎಂದುಕೊಂಡಿದ್ದಳು. ಹಾಕಬೇಕಾದದ್ದು 9 ಮಿಲಿ, ಒಟ್ಟು 10 ಆಗಬೇಕು. ಒಂದು ಮಿಲಿ ತಾನೇ ಅನ್ನಿಸುತ್ತದೆ. ಆದರೆ ತೆಳುವಾದದ್ದರಿಂದ ಮತ್ತೆ 1 ಮಿಲಿ ತೆಗೆದು ಹೀಗೇ ತೆಳು ಮಾಡುತ್ತ ಆರು ಹಂತ ದಾಟುವಷ್ಟರಲ್ಲಿ 10 ಲಕ್ಷ ಪಟ್ಟಿನ ಬದಲು ಸುಮಾರು 17.7 ಲಕ್ಷ ಪಟ್ಟು ತೆಳುವಾಗಿರುತ್ತದೆ. ಆಮೇಲೆ ಪ್ಲೇಟಿನಲ್ಲಿ ಬೆಳೆದ ಕಾಲೊನಿ (ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆ) ಎಣಿಸಿ ಹಾಲಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಎಂದು ಲೆಕ್ಕ ಹಾಕಿದರೆ ಉತ್ತರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಅವಳ ಕೈಯಿಂದಲೇ ಮಾಡಿಸಿದೆ. ಬೆರಗಾದಳು.

ನಾನು ಕೊಟ್ಟ ಸಲಹೆ ಇಷ್ಟು. ಲ್ಯಾಬಿಗೆ ಹೋಗುವ ಹಿಂದಿನ ರಾತ್ರಿ ವಿಧಾನವನ್ನು ಬಾಣ ಹಾಕಿ ಅರ್ಧ ಪುಟದಲ್ಲಿ ಬರೆದುಕೋ. ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ, ಅದು ನಿನಗಾಗಿ. ರೀಡಿಂಗ್ ಬಂದ ಕೂಡಲೇ ರಫ್ ವಹಿಯಲ್ಲಿ ಪೆನ್ನಿನಿಂದ ಬರಿ, ತಪ್ಪಿದರೆ ಒಂದೇ ಗೆರೆ ಎಳಿ, ಅಳಿಸಬೇಡ. ಚೆಂದದ ಜರ್ನಲ್ ಆಮೇಲೆ ನೋಡಿಕೊಳ್ಳೋಣ. ಗುಂಪಿನಲ್ಲಿ ಸರದಿ ಕೇಳು: ಈ ವಾರ ನಾನು ಮಾಡುತ್ತೇನೆ, ನೀನು ಬರಿ. ಇದೇ ಅವಳಿಗೆ ಎಲ್ಲಕ್ಕಿಂತ ಕಷ್ಟದ್ದಾಗಿತ್ತು, ಹಾಗಾಗಿ ನನ್ನೆದುರು ಮರಾಠಿಯಲ್ಲಿ ಹೇಳಿ ಅಭ್ಯಾಸ ಮಾಡಿದಳು. ಆ ಹುಡುಗ ಒಂದು ಮಾತೂ ಆಡದೆ ಜಾಗ ಬಿಟ್ಟನಂತೆ. ಪಾಪ, ಅವನಿಗೂ ಬರೆಯೋದು ಬೇಕಿತ್ತೇನೋ!

ಓದುವ ರೀತಿಯೂ ಬದಲಾಗಬೇಕಿತ್ತು. ಗ್ರಾಂ ಸ್ಟೇನಿಂಗ್ (ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಗುರುತಿಸುವ ವಿಧಾನ) ಪಾಠವನ್ನು ನಾಲ್ಕು ಬಣ್ಣದ ಪೆನ್ನಲ್ಲಿ ಕಾಪಿ ಮಾಡಿದ್ದಳು, ಆದರೆ ಆಲ್ಕೋಹಾಲ್ ಯಾವಾಗ ಹಾಕಬೇಕು ಎಂದು ಕೇಳಿದರೆ ತಡವರಿಸಿದಳು. ಪುಸ್ತಕ ಮುಚ್ಚು, ನೆನಪಿನಿಂದ ಬರಿ, ಆಮೇಲೆ ತೆರೆದು ನೋಡು ಅಂದೆ. ಇದು ನನ್ನ ಸ್ವಂತ ಬುದ್ಧಿಯಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಾದರು. "ಹಂಗಾದ್ರ ಮತ್ತ ಮತ್ತ ಓದಿದ್ದು ನೆನಪಿರತೈತಿ ಅನ್ನೋದು ಬರೇ ಭ್ರಮಾ ಏನ್ರಿ?" ಅಂದಳು. ಸ್ವಲ್ಪ ಹಾಗೇನೇ.

ನಡುವೆ ಅವಳ ಅಪ್ಪನ ಫೋನು. "ಮೇಡಂ, ಬಿಡಿಸಿ ಡಿ.ಎಡ್.ಗೆ ಹಾಕ್ಲೇನ್ರಿ?" ಬಿಡಿಸುವ ಮಾತು ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಎತ್ತಬೇಡಿ, ಆಮೇಲೆ ಅವಳನ್ನೇ ಕೇಳಿ ಎಂದೆ.

ಪರೀಕ್ಷೆಯಲ್ಲಿ ಸ್ಟೇನಿಂಗ್ ಬಂತು, ಪಾಸಾದಳು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಇಂಗ್ಲಿಷ್ ತೊಡಕಾಗಿ ಅಂಕ ಕಡಿಮೆ ಬಂದಿವೆ. ಲ್ಯಾಬ್ ತಪ್ಪಿಸುತ್ತಿಲ್ಲ. ಮುಂದಿನ ಸೆಮಿಸ್ಟರಿಗೆ ದ್ರಾವಣ ತಯಾರಿಸುವ ಲೆಕ್ಕ, ಮೋಲಾರಿಟಿ (ದ್ರಾವಣದ ಸಾಂದ್ರತೆಯ ಅಳತೆ), ಅದರ ಭಯ ಹಾಗೇ ಇದೆ. ಅದಕ್ಕೆ ಲ್ಯಾಬ್ ಮೇಡಂ ಹತ್ತಿರ ಹೋಗುತ್ತಿದ್ದಾಳೆ. ನನ್ನ ಬಳಿ ಬರುವುದು ವೈವಾ ಮಾತಿನ ಅಭ್ಯಾಸಕ್ಕೆ.