ಜೇಬಿನ ಖರ್ಚು ಇಳಿದಿದೆ ಅಂತಾರೆ, ನಮ್ಮ ಮನೆಯಲ್ಲಿ ಯಾಕೆ ಇಳಿದಿಲ್ಲ?

ಪ್ರಶ್ನೆ: ಚಿಕಿತ್ಸೆಗೆ ಜನ ಕೈಯಿಂದ ಹಾಕುವ ದುಡ್ಡು ಶೇ 64ರಿಂದ ಶೇ 39ಕ್ಕೆ ಇಳಿದಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನಮ್ಮ ಮನೆಯಲ್ಲಿ ಇಬ್ಬರಿಗೆ ಶುಗರ್, ಬಿಪಿ. ಮೆಡಿಕಲ್ ಶಾಪಿನ ಬಿಲ್ಲು ಏರುತ್ತಲೇ ಇದೆ. ಸರ್ಕಾರದ ಲೆಕ್ಕ ಸುಳ್ಳಾ?
(ಓದುಗರೊಬ್ಬರು, ಹಾವೇರಿ)

ಉತ್ತರ: ಸುಳ್ಳು ಅನ್ನಲಾರೆ. ಆದರೆ ಆ ಲೆಕ್ಕದ ನಡುವೆ ಒಂದು ತೇಪೆ ಇದೆ, ಅದನ್ನು ನೋಡಲೇಬೇಕು.

ನೀವು ಓದಿದ್ದು ರಾಷ್ಟ್ರೀಯ ಆರೋಗ್ಯ ಲೆಕ್ಕದ ಅಂಕಿಗಳು. ದೇಶದಲ್ಲಿ ಒಂದು ವರ್ಷ ಆರೋಗ್ಯಕ್ಕೆ ಖರ್ಚಾದ ಒಟ್ಟು ಹಣದಲ್ಲಿ ಮನೆಯವರು ನೇರವಾಗಿ ಕೊಟ್ಟ ಪಾಲು 2013-14ರಲ್ಲಿ ಶೇ 64.2 ಇತ್ತು. 2021-22ರಲ್ಲಿ ಅದು ಶೇ 39.4. ಇದು ಪಾಲು, ಮೊತ್ತ ಅಲ್ಲ. ಸರ್ಕಾರ ಜಾಸ್ತಿ ಖರ್ಚು ಮಾಡಿದರೆ, ನಿಮ್ಮ ಬಿಲ್ಲು ಒಂದು ರೂಪಾಯಿ ಕಡಿಮೆಯಾಗದಿದ್ದರೂ ಪಾಲು ಇಳಿಯುತ್ತದೆ. 2021-22 ಕೋವಿಡ್ ವರ್ಷ ಬೇರೆ. ಲಸಿಕೆ, ಆಸ್ಪತ್ರೆ ಅಂತ ಸರ್ಕಾರಗಳು ಕೈಬಿಚ್ಚಿ ಖರ್ಚು ಮಾಡಿದ ಕಾಲ.

ಈಗ ತೇಪೆಯ ವಿಷಯ. ಜನರ ಖರ್ಚು 2016-17ರಲ್ಲಿ ಸುಮಾರು 3.40 ಲಕ್ಷ ಕೋಟಿ ರೂಪಾಯಿ. ಮರುವರ್ಷ ಸುಮಾರು 2.77 ಲಕ್ಷ ಕೋಟಿ. ಒಂದೇ ವರ್ಷದಲ್ಲಿ ಅರವತ್ತು ಸಾವಿರ ಕೋಟಿಗೂ ಹೆಚ್ಚು ಮಾಯ! ಆ ವರ್ಷ ಔಷಧಿ, ಆಸ್ಪತ್ರೆ ಅಷ್ಟು ಅಗ್ಗವಾಗಿದ್ದು ಯಾರಿಗಾದರೂ ನೆನಪಿದೆಯಾ?

ಆದದ್ದು ಇಷ್ಟು. ಸರ್ಕಾರದ ಖರ್ಚಿಗೆ ಲೆಕ್ಕಪುಸ್ತಕ ಇದೆ, ಮನೆಗಳ ಖರ್ಚಿಗೆ ಇಲ್ಲ. ಅದನ್ನು ಮುಖ್ಯವಾಗಿ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ತೆಗೆದುಕೊಳ್ಳುತ್ತಾರೆ. ಈ ಸಮೀಕ್ಷೆ ಪ್ರತಿ ವರ್ಷ ನಡೆಯುವುದಿಲ್ಲ. 2016-17ರವರೆಗಿನ ಲೆಕ್ಕಕ್ಕೆ 2014ರ 71ನೇ ಸುತ್ತೇ ಆಧಾರ, ಅದನ್ನೇ ಮುಂದಿನ ವರ್ಷಗಳಿಗೆ ಹಿಗ್ಗಿಸುತ್ತಾ ಬಂದರು. 2017-18ಕ್ಕೆ 75ನೇ ಸುತ್ತು ಬಂತು. ಹಳೆಯದು ಆರು ತಿಂಗಳ ಸಮೀಕ್ಷೆ, ಹೊಸದು ಇಡೀ ವರ್ಷದ್ದು. ಆಸ್ಪತ್ರೆಗೆ ದಾಖಲಾಗಿದ್ದರೆ ಕಳೆದ 365 ದಿನದ ಖರ್ಚು ಕೇಳುತ್ತಾರೆ. ಉಳಿದ ಕಾಯಿಲೆಗೆ ಕಳೆದ 15 ದಿನದ್ದು ಮಾತ್ರ. ನಿಮ್ಮ ಶುಗರ್ ಮಾತ್ರೆ ಸೇರುವುದು ಈ ಹದಿನೈದು ದಿನದ ಖಾತೆಗೆ.

71ನೇ ಸುತ್ತಿನಲ್ಲಿ ಆ ಹದಿನೈದು ದಿನದಲ್ಲಿ ಕಾಯಿಲೆ ಇತ್ತು ಎಂದವರು ಹಳ್ಳಿಗಳಲ್ಲಿ ಶೇ 8.9, ಪಟ್ಟಣಗಳಲ್ಲಿ ಶೇ 11.8. 75ರಲ್ಲಿ ಅದು ಶೇ 6.8 ಮತ್ತು ಶೇ 9.1. ಹದಿನೈದು ದಿನದ ಉತ್ತರವನ್ನು ಇಡೀ ವರ್ಷಕ್ಕೆ ಏರಿಸುವಾಗ ಇಷ್ಟು ವ್ಯತ್ಯಾಸ ಸಾಕು, ಮೊತ್ತ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಜನ ನಿಜವಾಗಿ ಆರೋಗ್ಯವಂತರಾದರೋ, ಕೇಳಿದಾಗ ಹೇಳಲಿಲ್ಲವೋ, ಸಮೀಕ್ಷೆಯಿಂದ ಗೊತ್ತಾಗುವುದಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋಗುವವರು ಹೆಚ್ಚಿದ್ದಾರೆ, ಅಲ್ಲಿ ಖರ್ಚು ಕಡಿಮೆಯಾಗಿದೆ ಎಂಬುದು ಅಧಿಕಾರಿಗಳ ವಿವರಣೆ. ಅದರಲ್ಲಿ ಸತ್ಯ ಇದೆ. ಅದೇ ಒಂದು ವರ್ಷದಲ್ಲಿ ಸರ್ಕಾರಗಳ ಆರೋಗ್ಯ ಖರ್ಚು ಸುಮಾರು 1.88 ಲಕ್ಷ ಕೋಟಿಯಿಂದ 2.31 ಲಕ್ಷ ಕೋಟಿಗೆ ಏರಿತ್ತು. ಆದರೂ ಇಳಿಕೆ ಪೂರ್ತಿ ಅದರಿಂದಲೇ ಅಂದರೆ ನಾನು ಒಪ್ಪುವುದಿಲ್ಲ. ಕೋವಿಡ್ ವರ್ಷಗಳ ಮನೆ ಖರ್ಚನ್ನೂ 2017-18ರ ಸಮೀಕ್ಷೆಯಿಂದಲೇ ಅಂದಾಜು ಮಾಡಿದ್ದಾರೆ. 2021ರ ಮೇ ತಿಂಗಳಲ್ಲಿ ಖಾಸಗಿ ಆಸ್ಪತ್ರೆಗೆ ಲಕ್ಷಗಟ್ಟಲೆ ಕಟ್ಟಿದವರನ್ನು ಆ ಸಮೀಕ್ಷೆ ಕೇಳಿರಲು ಸಾಧ್ಯವೇ ಇಲ್ಲ, ಅಲ್ವಾ?

ಹಾಗಾಗಿ 64 ಮತ್ತು 39ನ್ನು ಪಕ್ಕಪಕ್ಕ ಇಟ್ಟು ಸಂಭ್ರಮಿಸುವುದು ಅವಸರ. 2017-18ರ ಶೇ 48.8ರಿಂದ ಈಚಿನದನ್ನು ಹೋಲಿಸಿದರೆ ಸ್ವಲ್ಪ ವಾಸಿ. ಆಗಲೂ ಪಾಲಿನ ಜೊತೆ ರೂಪಾಯಿಯನ್ನೂ ನೋಡಿ. 2021-22ರಲ್ಲಿ ಜನ ಕೊಟ್ಟದ್ದು ಸುಮಾರು 3.56 ಲಕ್ಷ ಕೋಟಿ. ಹೊಸ ಬುಡದಿಂದ ನೋಡಿದರೂ ಏರಿಕೆಯೇ. ನಿಮ್ಮ ಮೆಡಿಕಲ್ ಶಾಪಿನ ಬಿಲ್ಲಿಗೂ ಇದಕ್ಕೂ ಜಗಳವಿಲ್ಲ.

ಪ್ರಶ್ನೆ: ನಾನು ಕಟ್ಟುವ ಆರೋಗ್ಯ ವಿಮೆಯ ಪ್ರೀಮಿಯಂ ಈ ಜೇಬಿನ ಖರ್ಚಿನಲ್ಲಿ ಬರುತ್ತದಾ?
(ಓದುಗರೊಬ್ಬರು, ಮೈಸೂರು)

ಉತ್ತರ: ಬರುವುದಿಲ್ಲ. ಅದು ಖಾಸಗಿ ವಿಮೆ ಎಂಬ ಬೇರೆ ಸಾಲಿಗೆ ಹೋಗುತ್ತದೆ. ಆ ಸಾಲು 2013-14ರ ಶೇ 3.4ರಿಂದ 2021-22ರಲ್ಲಿ ಶೇ 7.4ಕ್ಕೆ ಬೆಳೆದಿದೆ. ಇಎಸ್‌ಐಗೆ ಸಂಬಳದಲ್ಲಿ ಹಿಡಿಯುವ ಶೇ 0.75 ಕೂಡ ಜೇಬಿನ ಖರ್ಚಲ್ಲ. ವಿಮೆ ಕಂಪನಿ ತುಂಬಿಕೊಟ್ಟ ಬಿಲ್ಲನ್ನೂ ಕಳೆಯುತ್ತಾರೆ. ಕೇಳಲು ತಮಾಷೆ ಅನ್ನಿಸಬಹುದು, ಹಣ ಹೋಗುವುದು ಮಾತ್ರ ಅದೇ ಜೇಬಿನಿಂದ! ಕಾಯಿಲೆ ಬಿದ್ದಾಗ ಕೌಂಟರಿನಲ್ಲಿ ಎಷ್ಟು ಎಣಿಸಬೇಕಾಯಿತು ಎಂಬುದನ್ನು ಅಳೆಯುವ ಲೆಕ್ಕ ಇದು. ಕೆಲಸಕ್ಕೆ ಹೋಗದೆ ಕಳೆದುಕೊಂಡ ಕೂಲಿಯೂ ಇದರಲ್ಲಿಲ್ಲ. ಕೂಲಿ ಮಾಡುವವರಿಗೆ ಎಷ್ಟೋ ಸಲ ಅದೇ ದೊಡ್ಡ ಹೊಡೆತ.

ಪ್ರಶ್ನೆ: ಬಜೆಟ್ ಪ್ರತಿ ವರ್ಷ ಬರುತ್ತದೆ. ಈ ಲೆಕ್ಕ ಯಾಕೆ ಇಷ್ಟು ತಡ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಬಜೆಟ್ಟಿನಲ್ಲಿ ಇರುವುದು ಅಂದಾಜು. ಇಲ್ಲಿ ಬೇಕಾದ್ದು ನಿಜವಾಗಿ ಖರ್ಚಾದ ಹಣ, ಆ ಲೆಕ್ಕ ಮುಗಿಯಲು ಸಮಯ ಹಿಡಿಯುತ್ತದೆ. ಆರೋಗ್ಯ ಇಲಾಖೆಯೊಂದನ್ನೇ ನೋಡಿದರೂ ಸಾಲದು. ರೈಲ್ವೆ, ಸೇನೆಯ ಆಸ್ಪತ್ರೆಗಳು, ಕಾರ್ಮಿಕ ಇಲಾಖೆ, ಪಾಲಿಕೆಗಳ ದವಾಖಾನೆ, ಎಲ್ಲವನ್ನೂ ಹೆಕ್ಕಬೇಕು. ಕೇಂದ್ರ ರಾಜ್ಯಕ್ಕೆ ಕೊಟ್ಟ ಹಣವನ್ನು ಎರಡೂ ಕಡೆ ಎಣಿಸಬಾರದು. ಕುಡಿಯುವ ನೀರು, ಚರಂಡಿಯ ಖರ್ಚನ್ನು ಹೊರಗಿಡುತ್ತಾರೆ. ಕಟ್ಟಡ, ಯಂತ್ರಗಳದ್ದನ್ನು ದಿನನಿತ್ಯದ ಖರ್ಚಿನಿಂದ ಬೇರೆ ತೋರಿಸುತ್ತಾರೆ. ತಡ ಆಗುವುದಕ್ಕೆ ನನ್ನ ತಕರಾರಿಲ್ಲ. ಮನೆಗಳ ಸಮೀಕ್ಷೆಗೆ ವರ್ಷಗಟ್ಟಲೆ ಬಿಡುವು ಕೊಡುತ್ತಾರಲ್ಲ, ತಕರಾರು ಅದಕ್ಕೆ.